ಬಸ್ ಟಿಕೆಟ್ಟಿನ ಹಿಂದೆ ಆಟೀನ್ ರಾಣಿ

ನಮ್ಮ ಯಜಮಾನರು ಕೋರ್ಟಿನಲ್ಲಿ ಶೀಘ್ರಲಿಪಿಗಾರರಾಗಿದ್ದವರು. ಕಿವಿಗೆ ಬಿದ್ದದ್ದನ್ನೆಲ್ಲ ಬರೆಯುವುದೇ ಕೆಲಸ. ನಿವೃತ್ತರಾದದ್ದು ಅವರು, ಅವರ ಕೈ ಅಲ್ಲ. ಕ್ಲಬ್ಬಿನ ಇಸ್ಪೀಟು ಪಂದ್ಯದಲ್ಲಿ ಆಡುತ್ತಲೇ ಟಿಪ್ಪಣಿ ಮಾಡಿಕೊಳ್ಳಬಹುದು ಎಂಬ ನಿಯಮವಿದೆಯಲ್ಲ, ಅದೇ ನಮಗೆ ಮುಳುವಾಯಿತು.

ಯಾವ ಎಲೆ ಬಿತ್ತು ಎಂಬುದರ ಜೊತೆಗೆ ಯಾರು ಕೆಮ್ಮಿದರು, ಯಾರು ಫ್ಯಾನು ಜೋರು ಮಾಡಿಸಿದರು, ಎಲ್ಲವೂ ಇವರ ಪ್ಯಾಡಿನಲ್ಲಿ. ಸರದಿ ಬಂದಾಗ ಪುಟ ತಿರುವುತ್ತ ಕೂರುವರು. ಬೇಕಾದ ಎಲೆ ಕೆಮ್ಮುಗಳ ನಡುವೆ ಎಲ್ಲೋ ಅಡಗಿರುತ್ತಿತ್ತು. ಇವರ ಜೋಡಿ ನಾನು, ಎದುರಿಗೆ ನನ್ನ ಅಕ್ಕ, ಭಾವ. ಭಾವ ವಕೀಲರು. ಗಂಟಲು ಸರಿಮಾಡಿಕೊಂಡು 'ಹೊಡೆದುಹಾಕಿ' ಎಂದರೆ ಸಾಕು, ಇವರ ಪೆನ್ನು ತಾನಾಗಿ ಗೀಟು ಎಳೆಯುತ್ತಿತ್ತು.

ಹೀಗಾಗಿ ಜೋಡಿ ಪಂದ್ಯದ ಕಪ್ ಪ್ರತಿ ವರ್ಷ ಅಕ್ಕನ ಶೋಕೇಸು ಸೇರುತ್ತಿತ್ತು. ನಾನು ಹೋದಾಗಲೆಲ್ಲ ಅವಳು ಕೈಗೆ ಬಟ್ಟೆ ಕೊಟ್ಟು, ನೀನೇ ಒರೆಸು, ಮುಟ್ಟಿದ ಹಾಗಾದರೂ ಆಗುತ್ತೆ ಅನ್ನುವಳು. ಮೈಯೆಲ್ಲ ಉರಿಯುತ್ತಿತ್ತು. ಆ ಕಪ್ಪಿನ ಮೇಲೆ ಒಮ್ಮೆಯಾದರೂ ನಮ್ಮನೆಯ ಧೂಳು ಕೂರಬೇಕೆಂದು ಹಟ ಹಿಡಿದೆ.

ಈ ವರ್ಷ ಪ್ಯಾಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಒಂದು ಬಸ್ ಟಿಕೆಟ್ಟು ಕೊಟ್ಟೆ.

"ಇದರ ಹಿಂದೆ ಹಿಡಿಯೋಷ್ಟೇ ಬರೀಬೇಕು. ಹೋದ ಎಲೆ ಬೇಡ. ಯಾರ ಕೈಲಿ ಇನ್ನೂ ಏನಿದೆ, ಅದು ಮಾತ್ರ."

ಮಿಕ್ಸಿ ಓಡಿಸಿ, ಟಿವಿ ಹಾಕಿ, ಪಕ್ಕದಲ್ಲಿ ನಿಂತು ನೆರೆಮನೆಯ ಜಗಳ ವರ್ಣಿಸಿ ಅಭ್ಯಾಸ ಮಾಡಿಸಿದೆ. ಪಾಪ, ಮೊದಮೊದಲು ಮಿಕ್ಸಿಯನ್ನೂ ಬರೆದುಕೊಂಡರು.

ಫೈನಲ್ಲಿಗೆ ಮತ್ತೆ ಅದೇ ಅಕ್ಕ, ಭಾವ. ಕೊನೆಯ ಆಟದ ನಡುವೆ ಭಾವ ಆಟೀನ್ ರಾಣಿಯನ್ನು ಇಳಿಸಿ, ತಟ್ಟನೆ ಎತ್ತಿಕೊಂಡು ಬೇರೆ ಎಲೆ ಹಾಕಿದರು. ಕ್ಲಬ್ಬಿನಲ್ಲಿ ಅದಕ್ಕೆ ಅವಕಾಶವಿದೆ. ಇವರು ಟಿಕೆಟ್ಟಿನ ಮೇಲೆ ರಾಣಿಯನ್ನು ಗುರುತು ಹಾಕಿಕೊಂಡದ್ದು ಕಂಡು ಭಾವನ ಗಂಟಲು ಸರಿಯಾಯಿತು.

"ಅದು ಕೈತಪ್ಪಿ ಬಿದ್ದಿದ್ದು. ಹೊಡೆದುಹಾಕಿ."

ಪೆನ್ನು ಮೇಲೆದ್ದಿತು. ಆದರೆ ಅಲ್ಲೇ ನಿಂತಿತು.

"ವಕೀಲರು ಕೇಳ್ಬಹುದು ಅಷ್ಟೇ ಸಾರ್. ಹೊಡೆಯೋಕೆ ಜಡ್ಜ್ ಹೇಳ್ಬೇಕು," ಎಂದು ನನ್ನ ಕಡೆ ತಿರುಗಿದರು.

"ಹಾಗೇ ಇರ್ಲಿ," ಎಂದೆ.

ಕೊನೆಗೆ ಎಲ್ಲರ ಕೈಯಲ್ಲೂ ಎರಡೆರಡು ಎಲೆ. ಇನ್ನೊಂದು ಸುತ್ತು ಗೆದ್ದರೆ ಕಪ್ ನಮ್ಮದು. ಮೊದಲು ಇಳಿಸಬೇಕಾದವರು ಇವರು. ಕೈಯಲ್ಲಿದ್ದದ್ದು ಆಟೀನ್ ಗುಲಾಮ, ಕಳಾವರ್ ಎರಡು ಎಂದು ಆಮೇಲೆ ತಿಳಿಯಿತು. ಗುಲಾಮನನ್ನು ಇಳಿಸಿದ್ದರೆ ಭಾವನ ರಾಣಿ ನುಂಗುತ್ತಿದ್ದಳು. ಹೊರಗೆ ಯಾರೋ ಹಾರ್ನ್ ಹೊಡೆಯುತ್ತಿದ್ದರು. ಅಕ್ಕ ಬೇಕೆಂದೇ ಕೆಮ್ಮಿದಳು. ಇವರು ಏನನ್ನೂ ಬರೆಯಲಿಲ್ಲ. ಟಿಕೆಟ್ಟು ನೋಡಿದರು, ಕಳಾವರ್ ಎರಡನ್ನು ಇಳಿಸಿದರು. ಕಳಾವರ್ ಎಕ್ಕ ನನ್ನ ಹತ್ತಿರವಿತ್ತು.

ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಅಕ್ಕನಿಗೆ ಅಲ್ಲೇ ಹೇಳಿಬಿಟ್ಟೆ, ಮನೆಗೆ ಬರುತ್ತಿರು, ಬಟ್ಟೆ ತೆಗೆದಿಟ್ಟಿರುತ್ತೇನೆ ಅಂತ.

ಭಾವ ಎಲೆಗಳನ್ನು ಜೋಡಿಸುತ್ತ, ಈ ಜಡ್ಜಿನ ತೀರ್ಪಿಗೆ ಮೇಲ್ಮನವಿ ಇಲ್ಲವೇ ಎಂದು ಇವರನ್ನು ಕೇಳಿದರು.

"ಮದುವೆಯಾದಾಗಿಂದ ಹುಡುಕ್ತಾ ಇದೀನಿ ಸಾರ್," ಎಂದರು ಇವರು, "ಯಾವ ಕೋರ್ಟೂ ಸಿಕ್ಕಿಲ್ಲ."