ಖಾಲಾನ ಕೊಕ್ಕೆ

ಆಗಿನ್ನೂ ಮಲಾಡಿನಲ್ಲಿ ಕಡಲ ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿ ಬಿಲ್ಡಿಂಗುಗಳು ಎದ್ದಿರಲಿಲ್ಲ. ಬಿಜಾಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ನಮ್ಮಂಥವರ ಏಳು ಗುಡಿಸಲಿದ್ದವು, ತೆಂಗಿನ ಗರಿ ಹೊದಿಸಿದವು. ಒಣಮೀನು, ಸೀಮೆಎಣ್ಣೆ, ಬಿಸಿ ರೊಟ್ಟಿ, ಈ ಮೂರು ವಾಸನೆ ಕೂಡಿದರೆ ನನಗೆ ಈಗಲೂ ಆ ಮನೆಯೇ ನೆನಪಾಗುತ್ತದೆ.

ನಡುವಿನ ಗುಡಿಸಲು ಹಸೀನಾ ಖಾಲಾದು, ನಮ್ಮ ಪಕ್ಕದ್ದೇ. ಸಾಲಿನ ಮಕ್ಕಳಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಒಂಟಿ ಹೆಂಗಸು, ಬಾಯಿ ಅಂದ್ರೆ ಬಾಯಿ! ಇಡೀ ಸಾಲನ್ನು ಬೆಂಕಿಯಿಂದ ಕಾಯುವ ಕೆಲಸ ಯಾರೂ ಹೇಳದೆ ತಾನೇ ಹೊತ್ತಿದ್ದಳು. ಪ್ರತಿ ಬಾಗಿಲಿಗೆ ಒಂದು ಕೊಡ ನೀರು, ಒಂದು ಡಬ್ಬಿ ಉಸುಕು. ತನ್ನ ಗೋಡೆಗೆ ಒರಗಿಸಿದ ಉದ್ದನೆಯ ಬಿದಿರು, ಅದರ ತುದಿಗೆ ಕಬ್ಬಿಣದ ಕೊಕ್ಕೆ. "ಗರಿಗೆ ಬೆಂಕಿ ಹತ್ತಿದ್ರ ಮೊದಲ ಕೊಕ್ಕಿ ಹಾಕಿ ಎಳದು ಕೆಡವ್ರಿ, ಆಮ್ಯಾಲೆ ನೀರು" ಅಂತ ದಿನಾ ಅದೇ ಪಾಠ. ನಾವು ಮಕ್ಕಳು ಹಿಂದೆ ನಿಂತು ಅಣಕಿಸುತ್ತಿದ್ದೆವು.

ಸಂಕ್ರಾಂತಿಯ ವಾರ. ಆಕಾಶದ ತುಂಬ ಗಾಳಿಪಟ, ನಮ್ಮ ಬಾಯಲ್ಲಿ ಪತಂಗ. ದಾರ ಕಡಿದುಕೊಂಡು ಬಂದ ಒಂದು ಕೆಂಪು ಪತಂಗ ಅಷ್ಟು ದೂರದ ಹುಣಸೆ ಮರಕ್ಕೆ ಸಿಕ್ಕಿತು. ಒಂಬತ್ತು ವರ್ಷದ ನನಗೆ ಬುದ್ಧಿ ಎಲ್ಲಿಂದ ಬರಬೇಕು? ಖಾಲಾನ ಕೊಕ್ಕೆ ಎತ್ತಿಕೊಂಡು ಓಡಿದೆ.

ಪತಂಗ ಕೊಕ್ಕೆಗೆ ಸಿಕ್ಕಿತು. ಬಿಡಿಸಿಕೊಳ್ಳುವ ಮೊದಲೇ ಕೂಗು ಕೇಳಿತು. ಸಾಲಿನ ಕೊನೆಯ ಗುಡಿಸಲಲ್ಲಿ ಸ್ಟೋ ಭುಗಿಲೆದ್ದಿತ್ತು. ಬಿದಿರು ಎಳೆದುಕೊಂಡು ನಾನು ಬರುವಷ್ಟರಲ್ಲಿ ಮೂರು ಚಾವಣಿ ಉರಿಯುತ್ತಿದ್ದವು. ಮುಂದಿನದು ಖಾಲಾದು, ಅದರ ಮುಂದೆ ನಮ್ಮದು.

ಖಾಲಾ ಕೊಕ್ಕೆ ಕಸಿದುಕೊಂಡಳು. ತನ್ನದೇ ಚಾವಣಿಗೆ ಹಾಕಿ ಜಗ್ಗಿದಳು. ಇನ್ನೂ ಒಂದು ಕಿಡಿ ತಾಕಿರದ ಚಾವಣಿ! ಬಿದ್ದ ಗರಿಗಳನ್ನು ಎಲ್ಲರೂ ಎಳೆದು ಖಾಡಿಗೆ ಹಾಕಿದರು. ಬೆಂಕಿಗೆ ದಾಟಲು ದಾರಿ ಸಿಗಲಿಲ್ಲ. ನಮ್ಮ ಮನೆ ಉಳಿಯಿತು.

"ಕೊಕ್ಕಿ ಎಲ್ಲಿ ಹೋಗಿತ್ತ?" ಅವ್ವ ಸಿಟ್ಟಿನಿಂದ ಕೇಳಿದಳು. ನಾನು ಖಾಲಾನ ಹಿಂದೆ ಸರಿದೆ.

"ನಾನೇ ಹುಣಸಿಕಾಯಿ ಕೆಡವಲಿಕ್ಕೆ ಕಳಿಸಿದ್ದೆ. ಪೋರಿದೇನೂ ತಪ್ಪಿಲ್ಲ" ಎಂದಳು ಖಾಲಾ. ಹೊಸ ಗರಿ ಹೊದಿಸುವತನಕ ಆಕೆ ನಮ್ಮಲ್ಲೇ ಉಂಡು ಮಲಗಿದಳು. ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಅಂಥ ಬಾಯಿಯ ಹೆಂಗಸು!

ಈಗ ಅದೇ ಮಲಾಡಿನಲ್ಲಿ ಹನ್ನೊಂದನೇ ಮಾಳಿಗೆಯಲ್ಲಿದ್ದೇನೆ. ಪ್ಯಾಸೇಜಿನ ಕೆಂಪು ಪೆಟ್ಟಿಗೆಯಲ್ಲಿ ಬೆಂಕಿ ಆರಿಸುವ ಪೈಪಿದೆ. ಅದರ ಮುಂದೆ ಯಾರೋ ಇಟ್ಟ ಸೈಕಲ್ಲು, ಚಪ್ಪಲಿ ದಿನಾ ಸರಿಸುತ್ತೇನೆ. "ಮಮ್ಮಿ, ರೋಜ್ ರೋಜ್ ಯಾಕೆ?" ಎಂದು ಮಗಳು ನಗುತ್ತಾಳೆ. ಪಕ್ಕದ ಫ್ಲಾಟಿನವರ ಹೆಸರೂ ನನಗೆ ಗೊತ್ತಿಲ್ಲ. ಅವರಿಗಾಗಿ ನನ್ನ ಸೂರು ಕೆಡವುವೆನೇ? ಇಲ್ಲ, ಆ ಎದೆ ನನಗಿಲ್ಲ.

ಖಾಲಾ ತೀರಿಕೊಂಡ ಸುದ್ದಿ ಬಂದ ದಿನ ಅಳುತ್ತ ಅವ್ವನಿಗೆ ನಿಜ ಹೇಳಿಬಿಟ್ಟೆ.

"ನನಗ ಆವತ್ತೇ ಗೊತ್ತಿತ್ತು" ಅಂದಳು ಅವ್ವ. "ಕೆಂಪು ಪತಂಗ ಕೊಕ್ಕಿಗೆ ಜೋತಾಡ್ತಿತ್ತಲ್ಲ. ಆಕಿ ಮುಚ್ಚಿದ್ದನ್ನ ನಾ ಯಾಕ ತೆಗೀಲಿ?"