ಏರುವ ಭಜನೆ, ಉರುಳುವ ಚೆಂಡು

ಇವತ್ತು ಬೆಳಿಗ್ಗೆ ಕಾಶಿಯ ಅಸ್ಸಿಯಲ್ಲಿ ಚಹಾ ಕುಡಿದು, ಖಾಲಿಯಾದ ಕುಲ್ಹಡ್ಡನ್ನು ಎಲ್ಲರಂತೆ ಬುಟ್ಟಿಗೆ ಎಸೆಯದೆ ನೆಲದ ಮೇಲೆ ಅಡ್ಡ ಇಟ್ಟೆ. ಯಾಕಿಟ್ಟೆ ಎಂದು ಕೇಳಿದರೆ ಗೊತ್ತಿಲ್ಲ. ಕೆಳಗೆ ಘಾಟಿನಲ್ಲಿ ಯಾವುದೋ ಊರಿನ ಯಾತ್ರಿಕರ ಗುಂಪು ತಾಳ ತಟ್ಟುತ್ತ ಹೋಗುತ್ತಿತ್ತು. ನನ್ನ ಕೈಯಲ್ಲಿ ಕೊಡೆ ಇತ್ತು. ತಾಳದ ಒಂದು ಪೆಟ್ಟಿಗೆ ಕೊಡೆ ಹಿಂದಕ್ಕೆ ಹೋಯಿತು, ಮುಂದಿನ ಪೆಟ್ಟಿಗೆ ಮುಂದಕ್ಕೆ ಬಂತು. ಆ ಮಣ್ಣಿನ ಲೋಟ, ಬುಡ ಕಿರಿದು ಬಾಯಿ ಅಗಲವಾದ್ದರಿಂದ, ಅರ್ಧಚಂದ್ರ ಬರೆಯುತ್ತ ಉರುಳಿ, ಕಸದ ಬುಟ್ಟಿಯ ಬುಡಕ್ಕೆ ಮೂಗು ತಾಗಿಸಿ ನಿಂತಿತು. ಒಡೆಯಲೂ ಇಲ್ಲ.

"ಕಾ ಬಾಬೂಜಿ, ಇ ಉಮಿರ್ ಮೇಂ ಹಾಕಿ?" ಎಂದ ಚಹಾದವನು, ಈ ವಯಸ್ಸಿಗೆ ಹಾಕಿ ಆಟವೇ ಎಂಬಂತೆ.

"ಹಾಕಿ ನಹೀಂ ಭಯ್ಯಾ, ಗೋಲ್ಫ್."

ಅವನು ಪಕ್ಕದ ಗಿರಾಕಿಯ ಕಡೆ ತಿರುಗಿ, ಈ ಮನುಷ್ಯನಿಗೆ ಭಾಂಗ್ ಬೆಳಿಗ್ಗೆಯೇ ಏರಿದೆ ಎಂಬಂತೆ ಹುಬ್ಬು ಹಾರಿಸಿದ. ನಾನು ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಮರ್ಯಾದಸ್ಥನಂತೆ ಸೋನಾರ್‌ಪುರದ ದಾರಿ ಹಿಡಿದೆ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಒಳಗೊಳಗೆ ಕುಣಿಯುವಷ್ಟು ಖುಷಿಯಾಗಿತ್ತು. ಇಷ್ಟು ಹದವಾದ ಹೊಡೆತ ಆ ದಿನ ಬಿದ್ದಿದ್ದರೆ ನಾನಿವತ್ತು ಕಾಶಿಯಲ್ಲಿ ಇರುತ್ತಲೇ ಇರಲಿಲ್ಲ.

ಆ ದಿನದ ಕಥೆ ಹೇಳುವ ಮೊದಲು ಒಂದು ಎಚ್ಚರಿಕೆ. ಸವಿನೆನಪು ಬರೆಯುವವರು ಎಲ್ಲವನ್ನೂ ತೊಳೆದು, ಮಡಿಸಿ, ಇಸ್ತ್ರಿ ಮಾಡಿ ನಿಮ್ಮ ಮುಂದಿಡುತ್ತಾರೆ. ನನ್ನ ನೆನಪು ನಮ್ಮ ಗೋಲ್ಫ್ ಮೈದಾನದ ಕೋತಿಯ ಹಾಗೆ. ಚೆಂಡನ್ನು ಎತ್ತಿಕೊಂಡು ಹೋಗಿ ಬೇರೆಲ್ಲೋ ಇಟ್ಟು, ಅದು ಮೊದಲಿನಿಂದಲೂ ಅಲ್ಲೇ ಇತ್ತು ಎಂಬ ಮುಖ ಮಾಡಿಕೊಂಡು ಕೂತಿರುತ್ತದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಹೆಂಡತಿ ಗಿರಿಜಾ ಅಂತೂ ನಂಬುವುದಿಲ್ಲ.

ನಾನು ಹುಬ್ಬಳ್ಳಿಯವನು, ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಕಾಶಿಗೆ ವರ್ಗವಾಗಿ ಬಂದಾಗ ನಮಗೆ ಸಿಕ್ಕ ಕಾಲೊನಿಯಲ್ಲಿ ಒಂದು ಪುಟ್ಟ ಗೋಲ್ಫ್ ಮೈದಾನವಿತ್ತು. ನನ್ನ ಮೇಲಧಿಕಾರಿ ಪಾಂಡೆ ಸಾಹೇಬರು ಸಂಜೆಯ ಕಡತಗಳನ್ನು ಅಲ್ಲೇ ವಿಲೇವಾರಿ ಮಾಡುತ್ತಿದ್ದರು. ಹೀಗಾಗಿ ಕೋಲು ಹಿಡಿಯದೆ ಗತಿ ಇರಲಿಲ್ಲ. ದೂರಕ್ಕೆ ಹೊಡೆಯುವುದನ್ನು ಹೇಗೋ ಕಲಿತೆ. ಅದರಲ್ಲಿ ಚೆಂಡು ಎಲ್ಲಿ ಬಿದ್ದರೂ "ಗಾಳಿ" ಎನ್ನಬಹುದು. ಆದರೆ ಕೊನೆಗೊಂದು ಘಟ್ಟ ಬರುತ್ತದೆ. ಸಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ, ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರುವಾಗ, ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸಬೇಕು. ಅದಕ್ಕೆ ಪಟ್ಟಿಂಗ್ ಅನ್ನುತ್ತಾರೆ. ಅಲ್ಲಿ ಗಾಳಿಯೂ ನಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ. ದೂರದ ಚೆಂಡಿಗೆ ನಾನು ಹೆದರಿ ಗಕ್ಕನೆ ಹೊಡೆಯುತ್ತಿದ್ದೆ. ಹತ್ತಿರದ ಚೆಂಡಿಗೆ ಇನ್ನೂ ಹೆದರಿ, ಮಲಗಿದ ಕೂಸನ್ನು ಮುಟ್ಟಿದಂತೆ ಮುಟ್ಟುತ್ತಿದ್ದೆ. ಮೊದಲನೆಯದು ಕುಳಿ ದಾಟಿ ಓಡುತ್ತಿತ್ತು, ಇನ್ನೊಂದು ಅರ್ಧ ದಾರಿಯಲ್ಲಿ ಕೂತುಬಿಡುತ್ತಿತ್ತು. ಪಾಂಡೆ ಸಾಹೇಬರು, "ಆಪ್ ತೋ ಬಜೆಟ್ ಭೀ ಐಸೇ ಹೀ ಬನಾತೇ ಹೈಂ," ಅನ್ನುತ್ತಿದ್ದರು. ನಾನು ಬಜೆಟ್ಟನ್ನೂ ಹೀಗೇ ಮಾಡುತ್ತೇನಂತೆ.

ಇಷ್ಟಾಗಿದ್ದರೆ ನಗುವುದಕ್ಕೊಂದು ವಿಷಯವಾಗಿ ಮುಗಿಯುತ್ತಿತ್ತು. ಆದರೆ ಕೆಲವು ವರ್ಷ ಕಳೆದ ಮೇಲೆ ಹುಬ್ಬಳ್ಳಿಗೆ ವರ್ಗ ಕೇಳುವ ಅವಕಾಶ ಬಂತು. ನನಗೆ ಹೋಗಬೇಕಿತ್ತು. ಬದನೆಕಾಯಿಗೆ ಕನ್ನಡದಲ್ಲಿ ಚೌಕಾಸಿ ಮಾಡಬೇಕಿತ್ತು. "ಆಪ್ ಲೋಗ್ ರೋಜ್ ಇಡ್ಲಿ ಖಾತೇ ಹೈಂ ನ?" ಎಂದು, ನಾವು ದಿನಾ ಇಡ್ಲಿಯನ್ನೇ ತಿನ್ನುತ್ತೇವೆಂಬಂತೆ, ಯಾರೂ ಕೇಳದ ಊರಿನಲ್ಲಿ ಕೂತು ಜೋಳದ ರೊಟ್ಟಿ ಮುರಿಯಬೇಕಿತ್ತು. ಗಿರಿಜಾಗೆ ಸುತರಾಂ ಮನಸ್ಸಿರಲಿಲ್ಲ. ನಮ್ಮ ಕಡೆಯ ಸ್ವಾಮಿಗಳಿರುವ ಮಠವೊಂದು ಇಲ್ಲಿದೆ. ಪ್ರತಿ ಸೋಮವಾರ ಸಂಜೆ ಅಲ್ಲಿ ಭಜನೆ. ಬ್ಯಾಂಕಿನವರ, ರೈಲ್ವೆಯವರ ಹೆಂಡಂದಿರು, ಕಾಶಿ ನೋಡಲು ಬಂದು ಊರಿಗೆ ಹೋಗುವುದನ್ನೇ ಮರೆತಂತಿದ್ದ ಒಬ್ಬಿಬ್ಬರು ಅಜ್ಜಿಯರು, ಕನ್ನಡದಲ್ಲಿ ಹಾಡಿ ಹಿಂದಿಯಲ್ಲಿ ಜಗಳಾಡುವ ಮಕ್ಕಳು. ಇಷ್ಟು ಮಂದಿಗೂ ಮುಂದಾಳು ಗಿರಿಜಾ.

"ಹುಬ್ಬಳ್ಳ್ಯಾಗ ನಾ ಯಾರೋ ಒಬ್ಬರ ಸೊಸಿ," ಅಂದಳು ಅವಳು. "ಇಲ್ಲಿ ನಾ ಒಂದ್ ಸಾಲು ಎತ್ತಿದ್ರ ಹಿಂದ ಇಡೀ ಮಂದಿ ಹಾಡತೈತಿ. ಅದನ್ನ ಬಿಟ್ಟು ಬಾ ಅಂತೀರಿ, ಯಾತಕ್ಕ? ಬದನಿಕಾಯಿಗೆ!"

ಇಬ್ಬರೂ ಮಠದ ಹಿರಿಯ ಸ್ವಾಮಿಗಳ ಬಳಿಗೆ ಹೋದೆವು. ನಾವು ಅವರನ್ನು ಅಜ್ಜಾರು ಅನ್ನುತ್ತೇವೆ. ನನ್ನ ಅಹವಾಲು ಕೇಳಿ ಅವರು ಹೊಟ್ಟೆ ಕುಣಿಸಿ ನಕ್ಕರು.

"ಮಂದಿ ಮುಕ್ತಿ ಬೇಕಂತ ಕಾಶಿಗೆ ಬರ್ತಾರ. ನಿನಗ ಕಾಶಿಯಿಂದನ ಮುಕ್ತಿ ಬೇಕಾ, ತಮ್ಮಾ?"

"ನೀವ ಒಂದು ದಾರಿ ಹೇಳ್ರಿ ಅಜ್ಜಾರ."

"ಅದೇನೋ ಗುಂಡು ಹೊಡೀತಿಯಂತಲ್ಲ, ಅದರಾಗ ತೀರ್ಮಾನ ಮಾಡ್ಕೊಳ್ರಿ. ನನ್ನ ಮ್ಯಾಲೆ ಹಾಕಬ್ಯಾಡ್ರಿ. ನಾಳೆ ಗಿರಿಜವ್ವ ಸಿಟ್ಟಾದ್ರ ಸೋಮವಾರ ಯಾರು ಹಾಡ್ತಾರ?"

ತಮಾಷೆಗೆ ಅಂದರೋ ಏನೋ, ಗಿರಿಜಾ ಅದನ್ನೇ ಗಟ್ಟಿಯಾಗಿ ಹಿಡಿದಳು. ಚಳಿಗಾಲದ ಪಂದ್ಯದಲ್ಲಿ, ಕೊನೆಯ ಕುಳಿಯ ಹುಲ್ಲಿನ ಮೇಲೆ, ಎರಡು ಹೊಡೆತದೊಳಗೆ ಚೆಂಡು ಬಿದ್ದರೆ ಹುಬ್ಬಳ್ಳಿ. ಬೀಳದಿದ್ದರೆ ಕಾಶಿ, ಮತ್ತೆ ಆ ಮಾತೆತ್ತಬಾರದು. ನನ್ನ ಪಟ್ಟಿಂಗನ್ನು ಮನೆಯೊಳಗೇ ನೋಡಿದವಳು, ಧೈರ್ಯವಾಗಿ ಒಪ್ಪಿದಳು.

ಮನೆಯೊಳಗಿನ ಅಭ್ಯಾಸ ಅಂದರೆ ಹೀಗೆ. ಹಜಾರದಲ್ಲಿ ಜಮಖಾನೆ ಹಾಸಿ, ಅದರ ತುದಿಗೆ ನಮ್ಮ ಹಿತ್ತಾಳೆ ಚೊಂಬನ್ನು ಅಡ್ಡ ಮಲಗಿಸುವುದು. ಚೆಂಡು ಅದರ ಬಾಯೊಳಗೆ ಹೋಗಬೇಕು. ಚೊಂಬಿನ ಬಾಯಿ ಮೈದಾನದ ಕುಳಿಗಿಂತ ಕಿರಿದು. ಚೊಂಬನ್ನು ಗೆದ್ದವನಿಗೆ ಕುಳಿ ಬಾವಿಯಷ್ಟು ಕಂಡೀತು ಎಂಬುದು ನನ್ನ ಲೆಕ್ಕ. ಚೆಂಡು ಬಡಿದು ಬಡಿದು ಚೊಂಬಿನ ಹೊಟ್ಟೆ ನೆಗ್ಗಿತೇ ಹೊರತು ಬಾಯಿಗೆ ಬಿದ್ದದ್ದು ಅಪರೂಪ. ಒಂದು ಸಂಜೆ ಗಿರಿಜಾ ಅಡುಗೆಮನೆಯಿಂದ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ನಿಮಗ ಲಯಾನ ಇಲ್ಲ. ಹತ್ರ ಹೊಡಿಯೂದಕ್ಕ ಒಂದು ಜೋರು, ದೂರ ಹೊಡಿಯೂದಕ್ಕ ಇನ್ನೊಂದು ಜೋರು. ಎಂದಾದ್ರೂ ತೊಟ್ಟಿಲಾ ತೂಗಿಲ್ಲೇನು? ಸಣ್ಣ ತೂಗಿದ್ರೂ ದೊಡ್ಡ ತೂಗಿದ್ರೂ ಹೋಗಿ ಬರೋ ಹೊತ್ತು ಒಂದ. ಅಗಲ ಬ್ಯಾರೆ ಅಷ್ಟ."

"ನನಗ ಕಲಿಸಿದ್ರ ನೀ ಸೋಲ್ತಿ, ಗೊತ್ತೈತಿಲ್ಲ?"

"ಆಡಾಕ ಬರದಾಂವನ್ನ ಸೋಲಿಸಿದ್ರ ಅದೇನ್ ಗೆಲುವು?"

ಹೀಗೆ ನನ್ನ ಎದುರಾಳಿಯೇ ನನ್ನ ಗುರುವಾದಳು. ಭಜನೆಯ ತಾಳ ತಂದು ಗೋಡೆಗೊರಗಿ ಕೂತು, ಪ್ರತಿ ಸೋಮವಾರ ಹಾಡುವ ಹಾಡನ್ನೇ ಮೆಲ್ಲಗೆ ಎತ್ತಿಕೊಂಡಳು. ಒಂದು ತಟ್ಟಿಗೆ ಕೋಲು ಹಿಂದೆ, ಮುಂದಿನ ತಟ್ಟಿಗೆ ಚೆಂಡಿಗೆ. ಚೊಂಬು ಹತ್ತಿರವಿದ್ದರೆ ಕೋಲು ನಾಲ್ಕು ಬೆರಳು ಹಿಂದೆ ಸರಿದರೆ ಸಾಕು. ಬಾಗಿಲ ಬಳಿಯಿದ್ದರೆ ಒಂದು ಗೇಣು. ಅಡುಗೆಮನೆಯ ಹೊಸ್ತಿಲಲ್ಲಿದ್ದರೆ ಒಂದು ಮೊಳ. ತಟ್ಟು ಮಾತ್ರ ಬದಲಾಗಕೂಡದು. ಕೈ ಅವಸರ ಮಾಡಿದರೆ ಅವಳು ತಾಳ ನಿಲ್ಲಿಸಿ ನನ್ನನ್ನು ನೋಡುತ್ತಿದ್ದಳು, ಅಪಸ್ವರ ಎಳೆದ ಹುಡುಗಿಯರನ್ನು ನೋಡುವ ಹಾಗೆ. ನಂಬಿ ಬಿಡಿ, ಕೆಲವೇ ವಾರಗಳಲ್ಲಿ ಚೆಂಡು ಚೊಂಬಿನೊಳಗೆ ಹೋಗಿ ಠಣ್ ಅನ್ನತೊಡಗಿತು. ನಾನು ಮನಸ್ಸಿನಲ್ಲೇ ಸಾಮಾನು ಕಟ್ಟಲು ಶುರು ಮಾಡಿದೆ.

ಪಂದ್ಯದ ದಿನ ಎಳೆಬಿಸಿಲಿತ್ತು. (ಮಂಜಿತ್ತು ಅನ್ನುತ್ತಾಳೆ ಗಿರಿಜಾ. ಇರಲಿ.) ಅವಳ ಭಜನೆಯ ಬಳಗವೆಲ್ಲ ಬಂದು ಕೊನೆಯ ಕುಳಿಯ ಪಕ್ಕ ಜಮಖಾನೆ ಹಾಸಿಕೊಂಡು ಕೂತಿತ್ತು. ಅಜ್ಜಾರು ಇ-ರಿಕ್ಷಾದಿಂದ ಇಳಿದು, ಕಾವಿಯನ್ನು ಸರಿಮಾಡಿಕೊಂಡು, ಸುತ್ತಲೂ ಕಣ್ಣು ಹಾಯಿಸಿ ನಿಟ್ಟುಸಿರಿಟ್ಟರು. "ಇಷ್ಟು ಛಲೋ ಭೂಮಿ. ಒಂದ್ ಸಾಲು ಜೋಳಾನೂ ಬಿತ್ತಿಲ್ಲಲ್ಲೋ!"

ನಾನು ಒಳಗೊಳಗೇ ಹಾಡು ಎತ್ತಿಕೊಂಡು ಆಡಿದೆ. ಮೊದಮೊದಲ ಕುಳಿಗಳಲ್ಲಿ ಚೆಂಡು ಹೇಳಿದ ಮಾತು ಕೇಳಿತು. ಪಾಂಡೆ ಸಾಹೇಬರು, "ಅರೇ, ಯೇ ಕ್ಯಾ ಹೋ ಗಯಾ ಆಪ್‌ಕೋ!" ಎಂದು ಟೋಪಿ ತೆಗೆದರು. ಆಟ ಅರ್ಧ ದಾಟಿದ ಮೇಲೆ ಏನೋ ಕೈಕೊಟ್ಟಿತು. ಗೇಣಿಗೆ ಗೇಣೇ ಎಳೆದರೂ ಚೆಂಡು ಕುಳಿ ದಾಟಿ ಓಡುತ್ತಿತ್ತು. ಅಳತೆ ಕಡಿಮೆ ಮಾಡಿದೆ, ಆಗ ನಡುದಾರಿಯಲ್ಲಿ ನಿಂತಿತು. ಮತ್ತೆ ಹೆಚ್ಚಿಸಿದೆ, ಓಡಿತು. ಕೋಲನ್ನು ಬೈದೆ, ಹುಲ್ಲು ಕತ್ತರಿಸಿದವನನ್ನು ಬೈದೆ. ಕೊನೆಯ ಕುಳಿಯತ್ತ ನಡೆಯುವಾಗ ತಿಳಿಯಿತು. ನನ್ನ ತಲೆಯೊಳಗಿನ ಹಾಡು ಓಡುತ್ತಿತ್ತು, ಅದರ ಜೊತೆ ಕೈಯೂ.

ನಮ್ಮ ಭಜನೆ ನೀವು ಕೇಳಿದ್ದೀರಲ್ಲ? ಬಾವಿಯಿಂದ ನೀರು ಸೇದಿದಷ್ಟು ನಿಧಾನವಾಗಿ ಶುರುವಾಗುತ್ತದೆ. ಆಮೇಲೆ ಏರುತ್ತದೆ. ಇನ್ನೂ ಏರುತ್ತದೆ. ಮಂಗಳದ ಹೊತ್ತಿಗೆ ತಾಳ ತಟ್ಟುವ ಕೈ ಕಣ್ಣಿಗೆ ಕಾಣುವುದಿಲ್ಲ. ಹಜಾರದಲ್ಲಿ ನಾವು ಮೊದಲ ಸಾಲನ್ನಷ್ಟೇ ಮತ್ತೆ ಮತ್ತೆ ಹಾಡಿಕೊಂಡಿದ್ದೆವು. ಮೈದಾನದಲ್ಲಿ ಹಾಡು ತನ್ನ ಪಾಡಿಗೆ ಮುಂದೆ ಹೋಗಿ, ಕುಳಿಯಿಂದ ಕುಳಿಗೆ ಏರಿ, ಈಗ ಮಂಗಳದ ಹತ್ತಿರ ಬಂದಿತ್ತು.

ಕೊನೆಯ ಹುಲ್ಲಿನ ಮೇಲೆ ಚೆಂಡು ಕುಳಿಯಿಂದ ಬಹಳ ದೂರವಿತ್ತು. ಅಲ್ಲಿಂದ ಎರಡೇ ಹೊಡೆತ. ತಲೆಯಲ್ಲಿ ತಾಳ ಗಲಗಲ ಅನ್ನುತ್ತಿತ್ತು. ಕೋಲು ಹಿಡಿದು ನಿಂತವನು ಯಾಕೋ ತಲೆ ಎತ್ತಿದೆ. ಜಮಖಾನೆಯ ಮೇಲೆ ಕೂತ ಗಿರಿಜಾಳ ಬಲಗೈ ಅವಳ ಮೊಣಕಾಲನ್ನು ತಟ್ಟುತ್ತಿತ್ತು. ನಿಧಾನ, ಹಜಾರದಲ್ಲಿ ತಟ್ಟಿದಷ್ಟೇ ನಿಧಾನ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಆ ತಟ್ಟಿಗೆ ಒಂದು ಮೊಳ ಎಳೆದೆ, ಬಿಟ್ಟೆ. ಚೆಂಡು ಇಳಿಜಾರಿನಲ್ಲಿ ಬಳಸಿಕೊಂಡು ಹೋಗಿ ಕುಳಿಯಿಂದ ಗೇಣು ದೂರದಲ್ಲಿ ನಿಂತಿತು.

ಗೇಣು ಅಂದರೆ ಗೇಣೇ. ಇಷ್ಟು ದೂರದಿಂದ ತಪ್ಪಿಸುವವನು ಆ ಮೈದಾನದಲ್ಲಿ ಇನ್ನೂ ಹುಟ್ಟಿರಲಿಲ್ಲ. ಅಜ್ಜಿಯೊಬ್ಬರು, "ಬಿದ್ದಂಗ ಆತವಾ ತಾಯಿ, ಹೊಂಟ್ರಿ ಇನ್ನ ನೀವು," ಎಂದು ಗಿರಿಜಾಳ ಭುಜ ಸವರಿದರು. ನಾನು ಹೊಡೆದೆ. ಚೆಂಡು ಕುಳಿಯ ಅಂಚಿಗೆ ಬಡಿದು, ಅರ್ಧ ಪ್ರದಕ್ಷಿಣೆ ಹಾಕಿ, ಹೊರಗೆ ಬಂದು ನಿಂತಿತು.

ಆ ಹೊಡೆತವನ್ನು ನಾನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿ ವಿವರಿಸಿದ್ದೇನೆ. ಆಫೀಸಿನಲ್ಲಿ, ನವಿಲು ಕೂಗಿತು ಅಂದೆ. "ನವಿಲೂ ಇಲ್ಲ ಗಿವಿಲೂ ಇಲ್ಲ," ಅಂದಳು ಗಿರಿಜಾ. ಊರಿನಲ್ಲಿ ಅಣ್ಣನಿಗೆ, ಅವಳ ಮುಖ ನೋಡಿ ಗುರಿ ತಪ್ಪಿತು ಅಂದೆ. ಅದು ಕೇಳುವುದಕ್ಕೆ ಚೆನ್ನಾಗಿದೆ, ಅದಕ್ಕೇ ಅನುಮಾನ. ಮೊಣಕಾಲು ತಟ್ಟಿದ್ದನ್ನು ಕೇಳಿದರೆ, "ಇರುವಿ ಹತ್ತಿತ್ರೀ, ಝಾಡಿಸ್ಕೊಂಡೆ," ಅನ್ನುತ್ತಾಳೆ. ಅಜ್ಜಾರು ಮಾತ್ರ ಆವತ್ತೇ ತೀರ್ಪು ಕೊಟ್ಟುಬಿಟ್ಟರು. "ಗೇಣು ದೂರದಾಗ ನಿಂತ್ರೂ ಕಾಶಿ ನಿನ್ನ ಬಿಡವಲ್ತು ನೋಡು ತಮ್ಮಾ."

ವರ್ಗ ಕೇಳಲಿಲ್ಲ. ನಿವೃತ್ತನಾದೆ, ಕಾಲೊನಿ ಬಿಟ್ಟೆವು. ಅಸ್ಸಿಯ ಹಿಂದೆ ಬಾಡಿಗೆ ಮನೆ. ನೆಗ್ಗಿದ ಚೊಂಬು ಈಗಲೂ ಇದೆ, ಗಂಗೆಯ ನೀರು ತುಂಬಿಕೊಂಡು ದೇವರ ಮುಂದೆ ಕೂತಿದೆ.

ಬೆಳಗಿನ ಕುಲ್ಹಡ್ ಮಾತ್ರ ತಲೆಯಿಂದ ಇಳಿಯಲಿಲ್ಲ. ಇವತ್ತು ಸೋಮವಾರ. ಸಂಜೆ ಮಠದ ಮೆಟ್ಟಿಲೇರುವಾಗ ಗಿರಿಜಾಳನ್ನು ಕೇಳಿಯೇಬಿಟ್ಟೆ.

"ಖರೆ ಹೇಳು. ಆ ಹಾಡು ಏರತೈತಿ, ನನ್ನ ಕೈ ಕೆಡಸತೈತಿ ಅಂತ ನಿನಗ ಮೊದಲ ಗೊತ್ತಿತ್ತಿಲ್ಲ?"

ಅವಳು ಚಪ್ಪಲಿ ಬಿಡುತ್ತಿದ್ದವಳು ನಿಂತಳು. "ಭಜನಿ ಅಂದ್ರ ಏರೂದ ಅಲ್ಲೇನ್ರೀ? ಕಾಶಿಗೆ ಬಂದಾಗಿಂದ ಸೋಮವಾರ ತಪ್ಪಿಸದಂಗ ಹಿಂದ ಕಂಬಕ್ಕ ಆತು ಕುಂತು ಕೇಳ್ದಾವ್ರು ನೀವು. ನಿಮಗ ಗೊತ್ತಿರಲಿಲ್ಲ?"

ನಾನು ಕಂಬದ ಕಡೆ ನೋಡಿದೆ. ನನ್ನ ಬೆನ್ನು ಒರಗಿ ಒರಗಿ ಅಲ್ಲೊಂದು ಎಣ್ಣೆಗಪ್ಪು ಗುರುತಾಗಿದೆ. ಅದು ನನ್ನದೇ. ಅದಕ್ಕೆ ಬೇರೊಂದು ಕಥೆ ಕಟ್ಟಲು ನೆನಪೆಂಬ ನನ್ನ ಕೋತಿಗೂ ಸಾಧ್ಯವಾಗಲಿಲ್ಲ.

ತಾಳ ತಟ್ಟುವ ಹೆಣ್ಣುಮಗಳು ಊರಿಗೆ ಹೋಗಿದ್ದಳು. ಗಿರಿಜಾ ತಾಳವನ್ನು ನನ್ನ ಕೈಗೆ ಹಾಕಿ, "ಹಿಡೀರಿ, ನಿಧಾನ ಶುರು ಮಾಡ್ರಿ," ಅಂದಳು. ಶುರು ಮಾಡಿದೆ. ಹಿಂದಕ್ಕೊಂದು, ಮುಂದಕ್ಕೊಂದು, ತೊಟ್ಟಿಲಿನಷ್ಟು ಸಮ. ಇವತ್ತಾದರೂ ಕೊನೆಯ ತನಕ ಇದನ್ನೇ ಹಿಡಿದು ತೋರಿಸುತ್ತೇನೆ ಎಂದುಕೊಂಡೆ. ಎರಡನೆಯ ನುಡಿ ಮುಗಿಯಿತು, ಮೂರನೆಯದು ಬಂತು. ಮುಂದಿನ ಸಾಲಿನಿಂದ ಗಿರಿಜಾ ಒಮ್ಮೆ ತಿರುಗಿ ನೋಡಿದಳು. ಹಾಡುವವರು ಯಾರೂ ಇನ್ನೂ ಅವಸರ ಮಾಡಿರಲಿಲ್ಲ. ಮೊದಲು ಏರಿದ್ದು ನನ್ನ ಕೈ.