ಸಂಡಿಗೆಯ ಪಕ್ಕದಲ್ಲಿ ಒಣಗಿದ ಬೂಟು

ಕಾನ್ವೆಂಟಿನಲ್ಲಿ ಓದಿದ ನನಗೆ ಬೂಟು ಎಂದರೆ ಬೆಳ್ಳಗಿರಬೇಕು. ಸೋಮವಾರ ಸಾಲಿನಲ್ಲಿ ನಿಂತಾಗ ಸಿಸ್ಟರ್ ಮೊದಲು ನೋಡುತ್ತಿದ್ದುದೇ ನಮ್ಮ ಕಾಲುಗಳನ್ನು. ಆ ರೂಢಿ ನನ್ನವರ ರೈಲ್ವೆ ವರ್ಗಾವಣೆಯ ಸಾಮಾನಿನ ಜೊತೆ ಹುಬ್ಬಳ್ಳಿಯಿಂದ ನಾಗಪುರಕ್ಕೂ ಬಂತು. ಮಗಳು ವೇಗದ ಬೌಲಿಂಗ್ ಕಲಿಯತೊಡಗಿದ ಮೇಲೆ ಭಾನುವಾರ ಅವಳ ಬೂಟು ತಿಕ್ಕಿ ತೊಳೆದು, ತಾರಸಿಯಲ್ಲಿ ಸಂಡಿಗೆಯ ಪಕ್ಕದಲ್ಲೇ ಇಡುತ್ತಿದ್ದೆ. ಇಲ್ಲಿನ ಬಿಸಿಲಿಗೆ ಮಧ್ಯಾಹ್ನದೊಳಗೆ ಎರಡೂ ಗರಿಗರಿ.

ಅವಳ ಅಭ್ಯಾಸ ಸಿಮೆಂಟ್ ಪಿಚ್ಚಿನ ಮೇಲೆ. ಜಿಲ್ಲಾ ತಂಡದ ಆಯ್ಕೆಗೆ ಮೂರು ವಾರವಿದ್ದಾಗ, ಅವಳು ಗೋಡೆ ಹಿಡಿದು ಮೆಟ್ಟಿಲಿಳಿಯುವುದು ಕಣ್ಣಿಗೆ ಬಿತ್ತು. ಎಡ ಮೊಣಕಾಲ ಕೆಳಗಿನ ಎಲುಬು ಮುಟ್ಟಿದರೆ ಮುಖ ಕಿವುಚುತ್ತಿದ್ದಳು.

"ಏನೂ ಆಗಿಲ್ಲವ್ವ, ಎಲ್ಲಾ ಬರೋಬರ್ ಐತಿ."

ಎಲುಬಿಗೇನೂ ಆಗಿಲ್ಲ, ಹತ್ತು ದಿನ ಓಡಬೇಡ, ಮತ್ತೆ ಓಡುವ ಮೊದಲು ಬೂಟನ್ನು ತಿಳಿದವರಿಗೆ ತೋರಿಸಿ ಎಂದರು ಡಾಕ್ಟರು. ಹತ್ತು ದಿನ ಮುಗಿದ ಮೇಲೆ ಗಾಂಧಿಬಾಗಿನ ಗಲ್ಲಿಯಲ್ಲಿದ್ದ ಆಟದ ಬೂಟುಗಳ ಅಂಗಡಿಗೆ ಹೋದೆವು. ವಯಸ್ಸಾದ ಅಂಗಡಿಯವರು ಹಳೆಯ ಜೋಡನ್ನು ಎತ್ತಿ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಅದು ತಗ್ಗಲೇ ಇಲ್ಲ.

"ಧೂಪ್ ಮೇ ಕೌನ್ ರಖತಾ ಹೈ?"

ಬಿಸಿಲಿಗಿಟ್ಟವರು ಯಾರೆಂದು ನನ್ನ ಮುಖವೇ ಹೇಳಿರಬೇಕು.

"ಭಾಭೀಜಿ, ಜೂತಾ ಹೈ, ಪಾಪಡ್ ನಹೀಂ!"

ಇದು ಬೂಟು, ಹಪ್ಪಳವಲ್ಲ ಎಂಬ ಮಾತಿಗೆ ಮಗಳು ಬಿದ್ದು ಬಿದ್ದು ನಕ್ಕಳು. ಒಳಗಿನ ಮೆತ್ತೆ ಒಣಗಿ ಕಲ್ಲಾಗಿದೆ, ಸಿಮೆಂಟಿನ ಪೆಟ್ಟೆಲ್ಲ ನೇರ ಎಲುಬಿಗೇ ಹೋಗುತ್ತಿದೆ ಎಂದು ಅವರು ಬಿಡಿಸಿ ಹೇಳಿದರು. ನಾನು ದುಬಾರಿಯ ಮೊಳೆ ಬೂಟಿನತ್ತ ಕೈ ಚಾಚಿದರೆ, ಅದು ಹುಲ್ಲಿನ ಪಿಚ್ಚಿಗೆ ಎಂದು ಅವರೇ ತಡೆದರು. ರಬ್ಬರ್ ಅಟ್ಟೆಯ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ ಜೋಡುಗಳನ್ನು ಒಂದೊಂದಾಗಿ ತೊಡಿಸಿ, ಗಲ್ಲಿಯಲ್ಲೇ ಓಡಿಬಂದು ಎಡಗಾಲು ಊರಲು ಹೇಳಿದರು. ಕೈಗಾಡಿಯವರೊಬ್ಬರು ನಿಂತು ದಾರಿ ಬಿಟ್ಟರು. ಮೂರನೆಯ ಜೋಡಿಗೆ ಅಂಗಡಿಯವರು ಸರಿ ಎಂದು ತಲೆಯಾಡಿಸಿದರು.

ಆಟೋದಲ್ಲಿ ಕೇಳಿದೆ: "ಬೂಟು ಗಟ್ಟಿ ಆಗ್ಯಾವಂತ ನಿನಗ ಗೊತ್ತಿತ್ತೇನ?"

"ಗೊತ್ತಿತ್ತು. ನೀ ಬ್ರಷ್ ಹಿಡಕೊಂಡು ಅಷ್ಟು ತಿಕ್ಕತಿದ್ದಿ. ಹೆಂಗ ಹೇಳ್ಲಿ?"

ಸೆರಗಿನಿಂದ ಕನ್ನಡಕ ಒರೆಸಿಕೊಂಡೆ.

ಆಯ್ಕೆಯೂ ಸಿಮೆಂಟಿಗೆ ಮ್ಯಾಟ್ ಹಾಸಿದ ಪಿಚ್ಚಿನಲ್ಲೇ ಇತ್ತು. ತನ್ನ ಓವರುಗಳನ್ನೆಲ್ಲ ಕುಂಟದೆ ಹಾಕಿದಳು. ಹೆಸರು ಪಟ್ಟಿಯ ಕೊನೆಯಲ್ಲಿತ್ತು, ಆದರೂ ಇತ್ತು. ಅಂದು ಬೂಟಿನ ಧೂಳು ಕೊಡವಿ, ಒಳಗೆ ಹಳೆಯ ಪೇಪರು ತುಂಬಿ, ಫ್ಯಾನಿನ ಕೆಳಗಿಟ್ಟೆ. ತೊಳೆಯಲಿಲ್ಲ; ಧೂಳಿನ ಬೂದು ಬಣ್ಣ ಹಾಗೇ ಉಳಿಯಿತು.

ಮರುದಿನ ಕಿತ್ತಳೆ ಬರ್ಫಿ ಕಟ್ಟಿಸಿಕೊಂಡು ಗಾಂಧಿಬಾಗಿಗೆ ಹೋದೆ. ಅಂಗಡಿಯವರು ಒಂದು ತುಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಬರೋಬರ್ ಹೈ" ಎಂದು ಬಾಯಿಗೆ ಹಾಕಿಕೊಂಡರು.